ಕಾರಿನ ಮೈಗೆ ಕಾಣದ ಕವಚ

ತಿರುವಾನ್ಮಿಯೂರಿನ ಕೇಳುಗರೊಬ್ಬರ ಪ್ರಶ್ನೆಯಿಂದಲೇ ಇಂದಿನ ಮಾತು ಶುರುಮಾಡೋಣ. ಅವರು ಸಾಲ ಮಾಡಿ ಹೊಸ ಕಾರು ಕೊಂಡಿದ್ದಾರೆ. ಕಾರು ಕೈಗೆ ಬರುವ ಮೊದಲೇ ಫೋನು ಬಂತಂತೆ: 'ಪಿಪಿಎಫ್ ಹಾಕಿಸಿಬಿಡಿ ಸಾರ್, ಬಣ್ಣ ಹತ್ತು ವರ್ಷ ಹೊಸದಾಗಿಯೇ ಇರುತ್ತೆ.' ಹೇಳಿದ ಬೆಲೆ ಮಗಳ ಕಾಲೇಜಿನ ಒಂದು ವರ್ಷದ ಫೀಸಿನಷ್ಟು. ಹಾಕಿಸಲೇಬೇಕೇ ಎಂಬುದು ಅವರ ಪ್ರಶ್ನೆ.

ಪಿಪಿಎಫ್ ಎಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಕಾರಿನ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದವರು ಹೆಲಿಕಾಪ್ಟರಿನ ರೆಕ್ಕೆಗಳನ್ನು ಮರಳು, ಕಲ್ಲುಚೂರುಗಳಿಂದ ಕಾಪಾಡಲು ಬಳಸಿದ ಪಾಲಿಯುರೆಥೇನ್ ಹಾಳೆಯೇ ಇದರ ಮೂಲಪುರುಷ. ಇಂದಿನ ಒಳ್ಳೆಯ ಹಾಳೆಯ ದಪ್ಪ 150ರಿಂದ 200 ಮೈಕ್ರಾನ್. ಕಾರ್ಖಾನೆಯಲ್ಲಿ ಬಳಿದ ಬಣ್ಣದ ಎಲ್ಲ ಪದರಗಳನ್ನು ಸೇರಿಸಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಅಷ್ಟೆ. ಅಂದರೆ ಬಣ್ಣಕ್ಕಿಂತ ದಪ್ಪದ ಅಂಗಿಯೊಂದನ್ನು ಅದಕ್ಕೆ ತೊಡಿಸಿದಂತೆ.

ನಮ್ಮ ಚೆನ್ನೈನಲ್ಲಿ ಬಣ್ಣಕ್ಕೆ ಶತ್ರುಗಳು ಕಡಿಮೆಯೇನಿಲ್ಲ. ಹಬ್ಬಕ್ಕೆಂದು ಬೆಂಗಳೂರಿಗೆ ಹೊರಟರೆ ಶ್ರೀಪೆರಂಬುದೂರು ದಾಟಿದ ಮೇಲೆ ಲಾರಿಗಳ ಚಕ್ರದಿಂದ ಸಿಡಿಯುವ ಜಲ್ಲಿ ಬಾನೆಟ್ಟಿಗೆ ಬಡಿಯುತ್ತದೆ. ಮರದ ನೆರಳಿಗೆ ನಿಲ್ಲಿಸಿದರೆ ಅಂಟು, ಕಾಗೆ ಪಾರಿವಾಳಗಳ ಹಿಕ್ಕೆ. ಬಿಸಿಲಿಗೆ ಒಣಗಿದ ಹಿಕ್ಕೆ ಒಂದೆರಡು ದಿನದಲ್ಲೇ ಬಣ್ಣಕ್ಕೆ ಕಲೆ ಮಾಡಬಲ್ಲದು. ಬೋರ್‌ವೆಲ್ಲಿನ ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಚುಕ್ಕೆ. ಇವೆಲ್ಲಕ್ಕಿಂತ ದೊಡ್ಡ ಶತ್ರು ಯಾರು ಗೊತ್ತೇ? ಬೆಳಿಗ್ಗೆ ಅಪಾರ್ಟ್‌ಮೆಂಟಿನ ಹತ್ತು ಕಾರನ್ನೂ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಒರೆಸುವ ಪದ್ಧತಿ! ಒರೆಸುವವರನ್ನು ದೂರಿ ಫಲವಿಲ್ಲ. ನಾವು ಕೊಡುವ ತಿಂಗಳ ಹಣಕ್ಕೆ ಇನ್ನೆಷ್ಟು ಬಟ್ಟೆ ಬಂದೀತು?

ಒಳ್ಳೆಯ ಹಾಳೆ ಇವೆಲ್ಲವನ್ನೂ ಬಹುಮಟ್ಟಿಗೆ ತಡೆಯುತ್ತದೆ. ಅದರ ಮೇಲ್ಪದರಕ್ಕೆ ತನ್ನ ಸಣ್ಣ ಗೀರುಗಳನ್ನು ಬಿಸಿ ತಾಗಿದಾಗ ತಾನೇ ಮುಚ್ಚಿಕೊಳ್ಳುವ ಗುಣವಿದೆ. ನಮ್ಮ ಮೇ ತಿಂಗಳ ಬಿಸಿಲಿರುವಾಗ ಅದಕ್ಕೆ ಬೇರೆ ಚಿಕಿತ್ಸೆಯೇ ಬೇಡ. ಆದರೆ ಹಾಳೆಯನ್ನೇ ಸೀಳಿದ ಗೀರು ಹಾಗೆ ಮುಚ್ಚುವುದಿಲ್ಲ.

ಇನ್ನು ಹಾಳೆಯಿಂದ ಆಗದ ಕೆಲಸಗಳು. ಆಟೋ ತಾಗಿ ಬಿದ್ದ ತಗ್ಗನ್ನು ಅದು ತಡೆಯದು. 2015ರ ಡಿಸೆಂಬರಿನಂಥ, 2023ರ ಮಿಚಾಂಗ್ ಚಂಡಮಾರುತದಂಥ ನೀರು ಬಂದರೆ ಅದರಿಂದ ಏನೂ ಆಗದು. 2024ರ ಅಕ್ಟೋಬರಿನಲ್ಲಿ ಮಳೆಯ ಮುನ್ಸೂಚನೆ ಕೇಳಿ ವೇಳಚ್ಚೇರಿಯ ಮೇಲ್ಸೇತುವೆಯ ಮೇಲೆ ಸಾಲಾಗಿ ಕಾರು ನಿಲ್ಲಿಸಿದರಲ್ಲ, ಅದೇ ಸರಿಯಾದ ಉಪಾಯ. ಕಡಲ ಬದಿಯವರಿಗೆ ತುಕ್ಕಿನ ಭಯ ಹೆಚ್ಚು. ಆ ತುಕ್ಕು ಹೆಚ್ಚಾಗಿ ಶುರುವಾಗುವುದು ಕಾರಿನ ಅಡಿಯಲ್ಲಿ, ಬಾಗಿಲುಗಳ ಕೆಳ ಅಂಚಿನಲ್ಲಿ. ಅಲ್ಲಿಗೆ ಈ ಹಾಳೆ ಹೋಗುವುದೇ ಇಲ್ಲ. ಅಡಿಭಾಗವನ್ನು ಆಗಾಗ ಸಿಹಿನೀರಿನಲ್ಲಿ ತೊಳೆಸಿ.

ಹಾಗಾದರೆ ತಿರುವಾನ್ಮಿಯೂರಿನವರು ಏನು ಮಾಡಬೇಕು? ನನ್ನ ಅಭಿಪ್ರಾಯ ಕೇಳಿದರೆ, ಇಡೀ ಕಾರಿಗೆ ಬೇಡ. ಕಲ್ಲೇಟು ಬೀಳುವುದು ಮುಂಭಾಗಕ್ಕೆ. ಮುಂದಿನ ಬಂಪರ್, ಬಾನೆಟ್, ಪಕ್ಕದ ಕನ್ನಡಿಗಳ ಬೆನ್ನು, ಉಗುರು ಗೀಚುವ ಬಾಗಿಲ ಹಿಡಿಕೆಯ ಗುಳಿ, ಸಾಮಾನು ಎಳೆಯುವ ಡಿಕ್ಕಿಯ ಅಂಚು, ಇಷ್ಟಕ್ಕೆ ಹಾಕಿಸಿದರೆ ಸಾಕು. ಖರ್ಚು ಬಹಳ ಇಳಿಯುತ್ತದೆ. ಮೂರೇ ವರ್ಷದಲ್ಲಿ ಮಾರುವ ಯೋಚನೆಯಿದ್ದರೆ ಅದೂ ಬೇಡ. ಆ ಹಣ ಮರಳಿ ಬರುವ ಭರವಸೆಯಿಲ್ಲ. ಮಗಳ ಫೀಸು ಮೊದಲು ಕಟ್ಟಲಿ.

ಹಾಕಿಸುವುದೇ ಆದರೆ ಹಾಳೆ ಯಾವುದೆಂದು ನೋಡಿ. ಟಿಪಿಯು ಎಂಬುದು ಒಳ್ಳೆಯ ಜಾತಿ: ಎಳೆದರೆ ರಬ್ಬರಿನಂತೆ ಹಿಗ್ಗಿ ಮರಳುತ್ತದೆ. ಅಗ್ಗದ ಪಿವಿಸಿ ಹಾಳೆ ಬಿಸಿಲಿಗೆ ಬೇಗ ಹಳದಿಯಾಗಿ, ಗಟ್ಟಿಯಾಗಿ ಬಿರಿಯುತ್ತದೆ, ತೆಗೆಯುವಾಗ ಅಂಟು ಉಳಿದು ಕಾಡುತ್ತದೆ. ಜನರಲ್ ಪ್ಯಾಟರ್ಸ್ ರಸ್ತೆಯ ಕಾರು ಸಾಮಗ್ರಿಯ ಅಂಗಡಿಸಾಲಿಗೆ ಹೋದರೂ ಷೋರೂಮಿನಲ್ಲೇ ಮಾಡಿಸಿದರೂ ಕಂಪನಿಯ ಹೆಸರು, ಮಾದರಿ, ರೋಲಿನ ಸಂಖ್ಯೆ ಮೂರೂ ಬಿಲ್ಲಿನಲ್ಲಿ ಇರಲಿ. ವಾರಂಟಿ ಕಂಪನಿಯದೋ ಅಂಗಡಿಯದೋ ಕೇಳಿ. ಅಂಗಡಿ ಮುಚ್ಚಿದರೆ ಅಂಗಡಿಯ ವಾರಂಟಿಯೂ ಮುಚ್ಚಿತು. ಸೆರಾಮಿಕ್ ಕೋಟಿಂಗ್ ಬೇರೆ ವಸ್ತು. ಅದು ಕೆಲವೇ ಮೈಕ್ರಾನಿನ ದ್ರವಲೇಪ, ಹೊಳಪು ಕೊಡುತ್ತದೆ, ನೀರು ಜಾರಿಸುತ್ತದೆ, ಕಲ್ಲೇಟು ತಡೆಯುವುದಿಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಳ್ಳಬೇಡಿ.

ಹಾಳೆಗಿಂತ ಹಾಕುವ ಕೈ ಮುಖ್ಯ ಎನ್ನುತ್ತಾರೆ, ನಿಜ. ಧೂಳಿಲ್ಲದ ಮುಚ್ಚಿದ ಕೋಣೆ ಬೇಕು. ರಸ್ತೆ ಬದಿಯಲ್ಲಿ ಶಾಮಿಯಾನ ಕಟ್ಟಿ ಮಾಡುವ ಕೆಲಸ ಇದಲ್ಲ. ಮೊದಲು ಬಣ್ಣವನ್ನು ಪೂರ್ತಿ ಶುದ್ಧಮಾಡಿ, ಶಾಂಪೂ ಬೆರೆಸಿದ ನೀರು ಸಿಂಪಡಿಸಿ, ಹಾಳೆಯನ್ನು ಜಾರಿಸಿ ಕೂರಿಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಹೊರದೂಡುತ್ತಾರೆ. ಒಂದು ಪ್ರಶ್ನೆ ಮಾತ್ರ ಮರೆಯದೆ ಕೇಳಿ: 'ಹಾಳೆ ಎಲ್ಲಿ ಕತ್ತರಿಸುತ್ತೀರಿ?' ಕಾರಿನ ಅಳತೆಗೆ ಕಂಪ್ಯೂಟರಿನಲ್ಲೇ ಕತ್ತರಿಸಿ ತರುವುದು ಕ್ಷೇಮ. ಕಾರಿನ ಮೇಲೆಯೇ ಬ್ಲೇಡು ಆಡಿಸಿದರೆ, ಕೈ ತುಸು ತಪ್ಪಿದರೂ ಕಾಪಾಡಬೇಕಾದ ಬಣ್ಣಕ್ಕೇ ಗಾಯ. ಅಪಘಾತವಾಗಿ ಮತ್ತೆ ಬಣ್ಣ ಬಳಿದ ಭಾಗವಿದ್ದರೆ ಮೊದಲೇ ಹೇಳಿ. ಆ ಬಣ್ಣ ಚೆನ್ನಾಗಿ ಒಣಗಿರಬೇಕು. ಅದು ಸಡಿಲವಾಗಿದ್ದರೆ ಮುಂದೆ ಹಾಳೆ ತೆಗೆಯುವಾಗ ಜೊತೆಗೇ ಎದ್ದುಬರಬಹುದು.

ಪಾರದರ್ಶಕ ಹಾಳೆಗೆ ಆರ್‌ಟಿಓ ತಂಟೆಯಿಲ್ಲ. ಬಣ್ಣದ ಹಾಳೆ ಹಾಕಿಸಿ ಬಿಳಿ ಕಾರನ್ನು ಕಪ್ಪು ಮಾಡಿದರೆ ಆರ್‌ಸಿಯಲ್ಲೂ ಬಣ್ಣ ತಿದ್ದಿಸಬೇಕು. ಹಾಳೆಯ ಬೆಲೆ ನಿಮ್ಮ ವಿಮೆಯಲ್ಲಿ ಸೇರುತ್ತದೆಯೇ ಎಂಬುದನ್ನು ವಿಮೆ ಕಂಪನಿಯಿಂದ ಬರಹದಲ್ಲೇ ಪಡೆಯಿರಿ.

ಕಾರು ಮನೆಗೆ ಬಂದ ಮೇಲೆ ಒಳಗೆ ಸಣ್ಣ ನೀರಿನ ಗುಳ್ಳೆ ಕಂಡರೆ ಗಾಬರಿ ಬೇಡ, ಕೆಲವು ದಿನಗಳಲ್ಲಿ ಆರುತ್ತವೆ. ಸೂಜಿ ಚುಚ್ಚಬೇಡಿ. ಒಂದು ವಾರ ತೊಳೆಯಬೇಡಿ. ಆಮೇಲೆ ಅಂಚುಗಳ ಮೇಲೆ ಬೆರಳಾಡಿಸಿ ನೋಡಿ. ಎಲ್ಲಾದರೂ ಎದ್ದಿದ್ದರೆ, ಧೂಳು ಒಳಗೆ ಹೋಗುವ ಮುನ್ನ ಹಾಕಿದವರಲ್ಲಿಗೇ ಕೊಂಡೊಯ್ಯಿರಿ. ಒರೆಸುವವರ ಕೈಗೆ ನಿಮ್ಮ ಕಾರಿಗೆಂದೇ ಒಂದು ಮೈಕ್ರೋಫೈಬರ್ ಬಟ್ಟೆ ಕೊಟ್ಟಿಡಿ. ಹಾಳೆ ಹಾಕಿಸದವರೂ ಅಷ್ಟನ್ನು ನಾಳೆಯೇ ಮಾಡಬಹುದು.