ಯಮನೂರಪ್ಪನೂ ಓಲಾಫನೂ



ಬೆಂಗಳೂರು ಮೈಸೂರುಗಳ ಕಡೆಯ ಸುಶಿಕ್ಷಿತರು ಯಮನಪ್ಪನೆಂಬ ಹೆಸರನ್ನು ಮೊದಲ ಸಲ ಕೇಳಿದಾಗ ಸ್ವಲ್ಪ ಬೆಚ್ಚುವುದುಂಟು. ಹೆತ್ತ ಮಗುವಿಗೆ ಯಾರಾದರೂ ಯಮನ ಹೆಸರನ್ನಿಡುವರೇ ಎಂದು ಅವರು ಕೇಳುತ್ತಾರೆ. ಈ ದಿನ ನಾವು ಆಡುವ ನಾಲ್ಕು ಮಾತುಗಳನ್ನು ಆ ಪ್ರಶ್ನೆಗೆ ಉತ್ತರವೆಂದು ಭಾವಿಸಬಹುದು. ಆದರೆ ಈ ಉತ್ತರವು ನವಲಗುಂದದ ಎರೆಯ ಹೊಲಗಳಿಂದ ಹೊರಟು, ನಾರ್ವೆ ಐಸ್‌ಲೆಂಡ್ ಮೊದಲಾದ ಹಿಮದ ನಾಡುಗಳನ್ನು ಸುತ್ತಿಕೊಂಡು ಬರಬೇಕಾಗಿದೆ. ಅಲ್ಲಿಯ ಹಳೆಯ ಹೆಸರುಗಳಿಗೆ ಒದಗಿದ ಗತಿಯನ್ನು ನೋಡಿದಲ್ಲದೆ ನಮ್ಮ ಹೆಸರುಗಳ ಬೆಲೆಯು ನಮಗೆ ಚೆನ್ನಾಗಿ ತಿಳಿಯುವುದಿಲ್ಲ.

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನಲ್ಲಿ ಬೆಣ್ಣಿಹಳ್ಳದ ದಂಡೆಯ ಮೇಲೆ ಯಮನೂರೆಂಬ ಗ್ರಾಮವುಂಟು. ಅಲ್ಲಿ ಒಬ್ಬ ಸಂತನ ಸಮಾಧಿಯಿದೆ. ಮುಸಲ್ಮಾನರು ಅವನನ್ನು ರಾಜಾ ಬಾಗ್ ಸವಾರ್ ಎನ್ನುತ್ತಾರೆ, ಹಿಂದೂಗಳು ಚಾಂಗದೇವನೆನ್ನುತ್ತಾರೆ. ‘ಬಾಗ್ ಸವಾರ್’ ಎಂದರೆ ಹುಲಿಯನ್ನೇರಿದವನು. ಅತ್ತ ಮಹಾರಾಷ್ಟ್ರದ ಭಕ್ತರ ಕಥೆಗಳಲ್ಲಿ, ಚಾಂಗದೇವನೆಂಬ ಯೋಗಿಯು ಹುಲಿಯ ಮೇಲೆ ಕುಳಿತು ಜ್ಞಾನೇಶ್ವರನನ್ನು ಕಾಣಬಂದನೆಂದೂ, ಜ್ಞಾನೇಶ್ವರನು ತಾನು ಕುಳಿತಿದ್ದ ಗೋಡೆಯನ್ನೇ ನಡೆಸಿಕೊಂಡು ಅವನನ್ನು ಎದುರುಗೊಂಡನೆಂದೂ ಇದೆ. ಹುಲಿಯೊಂದೇ, ಸವಾರನ ಹೆಸರು ಎರಡು. ಹೋಳಿಹುಣ್ಣಿಮೆಯ ತರುವಾಯ ನಡೆಯುವ ಉರುಸಿಗೆ ಎರಡು ಮತಗಳ ಜನರೂ ಬಂದು, ಹಳ್ಳದಲ್ಲಿ ಮಿಂದು, ಹರಕೆ ಸಲ್ಲಿಸಿ ಹೋಗುತ್ತಾರೆ. ಅಲ್ಲಿ ಎಣ್ಣೆಯ ಬದಲು ಹಳ್ಳದ ನೀರಿನಿಂದ ದೀಪ ಉರಿಯುವುದೆಂದು ಭಕ್ತರ ನಂಬುಗೆ.

ಹರಕೆಗಳಲ್ಲಿ ಮಕ್ಕಳ ಹರಕೆಯೇ ಮುಖ್ಯವಾದದ್ದು. ಮಗುವಾದರೆ ನಿನ್ನ ಹೆಸರಿಡುತ್ತೇವೆಂದು ಬೇಡಿಕೊಂಡವರು ಸಂತನ ಹೆಸರಿಗೆ ಬದಲಾಗಿ ಅವನ ಊರಿನ ಹೆಸರನ್ನೇ ಇಟ್ಟರು. ಅದರಲ್ಲಿ ಸೋಜಿಗವೇನೂ ಇಲ್ಲ. ಕೊಟ್ಟೂರಿನ ದೈವಕ್ಕೆ ನಡೆದುಕೊಳ್ಳುವವರಲ್ಲಿ ಕೊಟ್ರಪ್ಪನಿದ್ದಾನೆ, ಹುಲಿಗಿಯ ಒಕ್ಕಲಲ್ಲಿ ಹುಲಿಗೆವ್ವನಿದ್ದಾಳೆ, ಮೈಲಾರದವರಲ್ಲಿ ಮೈಲಾರಪ್ಪನಿದ್ದಾನೆ. ಹೀಗೆ ಹಿಂದೂಗಳ ಮನೆಯಲ್ಲಿ ಯಮನೂರಪ್ಪನೂ ಯಮನೂರವ್ವನೂ ಹುಟ್ಟಿದರು. ಮುಸಲ್ಮಾನರ ಮನೆಯಲ್ಲಿ ಯಮನೂರಸಾಬನು ಹುಟ್ಟಿದನು. ಕರೆದು ಕರೆದು ನಾಲಗೆಯಲ್ಲಿ ಸವೆದ ರೂಪಗಳೇ ಯಮನಪ್ಪ, ಯಮನವ್ವ ಎಂಬುವೆಂದು ನಮ್ಮ ಅಭಿಪ್ರಾಯ. ದಕ್ಷಿಣದಿಕ್ಕಿನ ದೊರೆಗೂ ಈ ಮಕ್ಕಳಿಗೂ ಯಾವ ಲೇವಾದೇವಿಯೂ ಇಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯು ಒಂದುಂಟು. ಹೆಸರಿಗೆ ತಲೆಯೊಂದು, ಬಾಲವೊಂದು. ಯಮನೂರಪ್ಪ, ಯಮನೂರಸಾಬ ಎಂಬ ಎರಡು ಹೆಸರುಗಳಿಗೂ ತಲೆಯು ಒಂದೇ. ಜಾತಿಮತವನ್ನು ಹೇಳುವ ಕೆಲಸವು ಬಾಲಕ್ಕೆ ಸೇರಿದ್ದು. ಇಂಥ ಎರಡು ತುಂಡಿನ ಹೆಸರುಗಳನ್ನೇ ಪ್ರಾಚೀನ ಜರ್ಮನಿಕ್ ಜನಾಂಗಗಳೂ ಬಳಸುತ್ತಿದ್ದುವು. ಧಾರವಾಡದವರಿಗೆ ಅಪರಿಚಿತರಲ್ಲದ ಬಾಸೆಲ್ ಮಿಶನ್ನಿನ ಪಾದ್ರಿಗಳ ಹೆಸರುಗಳನ್ನೇ ನೋಡಿರಿ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗರು ಹೆರ್ಮನ್ನರು. ಆ ಹೆಸರಿನ ತಲೆಗೆ ದಂಡೆಂದೂ ಬಾಲಕ್ಕೆ ಆಳೆಂದೂ ಅರ್ಥ. 1894ರಲ್ಲಿ ಮಹಾನಿಘಂಟನ್ನು ಮುಗಿಸಿಕೊಟ್ಟ ಕಿಟ್ಟೆಲರು ಫರ್ಡಿನಂಡರು. ಇದರ ಬಾಲವು ಧೈರ್ಯವನ್ನು ಹೇಳುತ್ತದೆ. ತಲೆಯ ವಿಷಯದಲ್ಲಿ ಮಾತ್ರ ಪ್ರಯಾಣವೆಂದು ಕೆಲವರೂ ಶಾಂತಿಯೆಂದು ಕೆಲವರೂ ವಾದಿಸುತ್ತಾರೆ. ಈ ಹೆಸರು ಗಾಥರೊಡನೆ ಸ್ಪೇನಿಗೆ ಹೋಗಿ ನೆಲೆಸಿ, 1503ರಲ್ಲಿ ಸ್ಪೇನಿನಲ್ಲಿ ಹುಟ್ಟಿದ ಒಬ್ಬ ಹ್ಯಾಬ್ಸ್‌ಬರ್ಗ್ ರಾಜಕುಮಾರನ ಮೂಲಕ ಮರಳಿ ಜರ್ಮನ್ ನಾಡಿಗೆ ಬಂದು, ಅಲ್ಲಿಂದ ಮುಂದೆ ಧಾರವಾಡವನ್ನೂ ಕಂಡಿತು. ಹೆಸರುಗಳು ಮನುಷ್ಯರಿಗಿಂತ ಹೆಚ್ಚು ದೇಶಾಟನೆ ಮಾಡುತ್ತವೆ.

ಈ ತುಂಡುಗಳನ್ನು ಜೋಡಿಸುವಾಗ ಹಳಬರು ಅರ್ಥಕ್ಕೆ ಅಷ್ಟಾಗಿ ಗಮನ ಕೊಡುತ್ತಿರಲಿಲ್ಲ. ಗುನ್‌ಹಿಲ್ಡ್ ಎಂಬ ಹೆಣ್ಣಿನ ಹೆಸರಿನಲ್ಲಿ ತಲೆಗೂ ಯುದ್ಧವೆಂದರ್ಥ, ಬಾಲಕ್ಕೂ ಯುದ್ಧವೆಂದರ್ಥ. ಪಾಪ, ಆ ಮಗುವಿಗೆ ವಿಶ್ರಾಂತಿಯೇ ಇಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಂಗ್ಲೆಂಡಿನ ವುರ್ಸ್ಟರಿನ ಬಿಷಪ್ಪನಾಗಿದ್ದ ವುಲ್ಫ್‌ಸ್ಟನ್ನನ ತಾಯಿ ವುಲ್ಫ್‌ಗಿಫು, ತಂದೆ ಎಥೆಲ್‌ಸ್ಟನ್. ತಾಯಿಯ ಹೆಸರಿನ ತಲೆಯನ್ನೂ ತಂದೆಯ ಹೆಸರಿನ ಬಾಲವನ್ನೂ ಕೂಡಿಸಿ ಮಗನ ಹೆಸರು ಮಾಡಿದರೆಂದು ಅವನ ಚರಿತ್ರೆಯಲ್ಲಿಯೇ ಹೇಳಿದೆ. ತೋಳವೂ ಕಲ್ಲೂ ಸೇರಿ ಒಬ್ಬ ಸಾಧುವಿನ ನಾಮಧೇಯವಾಯಿತು! ಕಲ್ಲಪ್ಪನನ್ನು ಕಂಡು ನಗುವವರು ಇದನ್ನು ನೆನೆಯಬೇಕು.

ಮತವು ಬದಲಾದಾಗ ಹೆಸರಿನ ತಲೆಗೆ ಏನಾಗುತ್ತದೆ? ಉತ್ತರದ ಜನರಿಗೆ ಥೋರನು ಗುಡುಗಿನ ದೇವರು. ಥೋರ್‌ಸ್ಟೇನ್, ಥೋರ್‌ಬ್ಯೋರ್ನ್, ಥೋರ್‌ಗ್ರಿಮ್, ಥೋರ್ಡಿಸ್ ಎಂದು ಅವನ ಹೆಸರಿನವರು ಐಸ್‌ಲೆಂಡಿನಲ್ಲಿ ಮನೆಮನೆಗೂ ಇದ್ದರು. ಸುಮಾರು 1000ನೆಯ ಇಸವಿಯಲ್ಲಿ ಆ ನಾಡು ಕ್ರೈಸ್ತಮತವನ್ನು ಒಪ್ಪಿತು. ಥೋರನ ಪೂಜೆ ನಿಂತಿತು. ಥೋರನ ಹೆಸರು ನಿಲ್ಲಲಿಲ್ಲ. ಅಷ್ಟೇ ಅಲ್ಲ, 1193ರಲ್ಲಿ ತೀರಿಕೊಂಡು ಮುಂದೆ ಆ ದೇಶದ ರಕ್ಷಕಸಂತನೆನಿಸಿದ ಬಿಷಪ್ಪನ ಹೆಸರು ಥೋರ್ಲಾಕ್. ಇಗರ್ಜಿಯ ಮಹಾಸಂತನ ಹೆಸರಿನ ತಲೆಯಲ್ಲಿ ಹಳೆಯ ದೇವರು ಹಾಯಾಗಿ ಕುಳಿತಿದ್ದಾನೆ! ನಮ್ಮಲ್ಲಿಯೂ ಶಿರಹಟ್ಟಿಯ ಮಠದ ಭಕ್ತರು ಫಕೀರಪ್ಪ, ಫಕೀರವ್ವ, ಫಕೀರಗೌಡ ಎಂದು ನಿಶ್ಚಿಂತರಾಗಿ ಹೆಸರಿಟ್ಟುಕೊಂಡಿದ್ದಾರೆ. ಮೊಹರಮ್ಮಿನ ಹರಕೆಯಿಂದ ಹುಟ್ಟಿದ ಹುಸೇನಪ್ಪನು ಹನುಮಂತದೇವರ ಗುಡಿಗೂ ಹೋಗುತ್ತಾನೆ.

ಆದರೆ ಯಮನೂರಪ್ಪನಿಗೆ ನಿಜವಾದ ನಂಟನು ಥೋರ್‌ಸ್ಟೇನನಲ್ಲ, ಓಲಾಫನು. ಈ ಹೆಸರಿನ ತಲೆಗೆ ಪೂರ್ವಜನೆಂದೂ ಬಾಲಕ್ಕೆ ಉಳಿದವನು, ವಾರಸುದಾರನು ಎಂದೂ ಅರ್ಥ ಹೇಳುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ನಾರ್ವೆಯ ದೊರೆ ಓಲಾಫನು 1030ರಲ್ಲಿ ಸ್ಟಿಕ್ಲೆಸ್ಟಾಡ್ ಎಂಬಲ್ಲಿ ಯುದ್ಧದಲ್ಲಿ ಮಡಿದನು. ಬದುಕಿದ್ದಾಗ ಅವನನ್ನು ಪ್ರೀತಿಸಿದವರು ಬಹಳ ಮಂದಿ ಇರಲಿಲ್ಲ. ಸತ್ತ ಮೇಲೆ ಅವನು ಸಂತನಾದನು. ಈಗಿನ ಟ್ರೋಂಡ್‌ಹೈಮಿನಲ್ಲಿರುವ ಅವನ ಸಮಾಧಿಗೆ ನಾಲ್ಕು ದೇಶಗಳ ಯಾತ್ರಿಕರು ಬರತೊಡಗಿದರು. ಯಾತ್ರಿಕರೊಡನೆ ಹೆಸರೂ ಹೊರಟಿತು. ಅದು ನಾರ್ವೆಯಲ್ಲಿ ಊಲಾವ್, ಊಲೆ, ಡೆನ್ಮಾರ್ಕಿನಲ್ಲಿ ಓಲುಫ್, ಸ್ವೀಡನ್ನಿನಲ್ಲಿ ಊಲೊಫ್. ಲಂಡನ್ನಿನಲ್ಲಿ ಸೇಂಟ್ ಓಲಾವನ ಇಗರ್ಜಿಯ ಬೀದಿಯು ಜನರ ಬಾಯಲ್ಲಿ ಉರುಳಿ ಉರುಳಿ ಟೂಲಿ ಸ್ಟ್ರೀಟ್ ಎಂದಾಯಿತು. ಸಂತನಿಗಿಂತ ಮೊದಲೇ ಕಡಲದಾಳಿಯವರೊಡನೆ ಐರ್ಲೆಂಡ್ ಸ್ಕಾಟ್ಲೆಂಡುಗಳಿಗೆ ಹೋಗಿದ್ದ ಅದೇ ಹೆಸರು ಅಲ್ಲಿ ಆಲೇ ಎಂದು ಮೆತ್ತಗಾಯಿತು. ‘ಆಲೇಯ ಮಗ’ ಎಂಬುದೇ ಮೆಕಾಲೆ. 1835ರಲ್ಲಿ ನಮ್ಮ ದೇಶಕ್ಕೆ ಇಂಗ್ಲಿಷ್ ವಿದ್ಯೆಯನ್ನು ವಿಧಿಸಿದ ಮಹಾಶಯನು ಹೆಸರಿನ ಮಟ್ಟಿಗೆ ಓಲಾಫನ ಮಗನು. 1905ರಲ್ಲಿ ನಾರ್ವೆಯು ಸ್ವೀಡನ್ನಿನಿಂದ ಬೇರೆಯಾಗಿ ಡೆನ್ಮಾರ್ಕಿನ ರಾಜಪುತ್ರನೊಬ್ಬನನ್ನು ಸಿಂಹಾಸನಕ್ಕೆ ಕರೆದಾಗ, ಅವನ ಎರಡು ವರ್ಷದ ಮಗ ಅಲೆಕ್ಸಾಂಡರನಿಗೆ ಊಲಾವ್ ಎಂದು ಹೊಸದಾಗಿ ಹೆಸರಿಟ್ಟರು. ಪರದೇಶದ ಕೂಸನ್ನು ಪ್ರಜೆಗಳು ತಮ್ಮದೆನ್ನಬೇಕಾದರೆ ಸಮಾಧಿಯ ಹೆಸರೇ ಬೇಕಾಯಿತು.

ಇದಕ್ಕೆ ವಿರುದ್ಧವಾದ ಕಥೆಯು ಇಂಗ್ಲೆಂಡಿನದು. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದರು. ಎಥೆಲ್‌ಸ್ಟನ್, ಲಿಯೊಫ್ರಿಕ್, ಗಾಡ್ವಿನ್ ಮೊದಲಾದ ನಾಡಹೆಸರುಗಳು ಆಗ ಬಲವಾಗಿದ್ದುವು. ಅವನ್ನು ಇಡಬಾರದೆಂದು ಯಾರೂ ಕಟ್ಟಳೆ ಮಾಡಲಿಲ್ಲ. ಧಣಿಗಳ ಹೆಸರು ವಿಲಿಯಂ, ರಾಬರ್ಟ್, ರಿಚರ್ಡ್ ಎಂದಿದ್ದುದರಿಂದ ಒಕ್ಕಲು ಮಕ್ಕಳೂ ವಿಲಿಯಮ್ಮರಾದರು. ಕೆಲವು ತಲೆಮಾರುಗಳಲ್ಲಿ ಹಳೆಯ ಹೆಸರುಗಳು ಬಹುಮಟ್ಟಿಗೆ ಕಣ್ಮರೆಯಾದುವು. ಉಳಿದ ಕೆಲವರಲ್ಲಿ ಎಡ್ವರ್ಡ್, ಎಡ್ಮಂಡ್ ಎಂಬಿಬ್ಬರು ಮುಖ್ಯರು. ಅವರು ಉಳಿದದ್ದೇಕೆ? ಆ ಹೆಸರಿನ ಇಬ್ಬರು ಹಳೆಯ ದೊರೆಗಳ ಸಮಾಧಿಗಳು ಯಾತ್ರಾಸ್ಥಳಗಳಾಗಿದ್ದುವು. ನಾರ್ಮನ್ ವಂಶದ ರಕ್ತವೇ ಹರಿಯುತ್ತಿದ್ದ ಮೂರನೆಯ ಹೆನ್ರಿಯು ಆ ಸಂತರ ಮೇಲಣ ಭಕ್ತಿಯಿಂದ 1239ರಲ್ಲಿ ಹುಟ್ಟಿದ ಮಗನಿಗೆ ಎಡ್ವರ್ಡನೆಂದೂ 1245ರಲ್ಲಿ ಹುಟ್ಟಿದವನಿಗೆ ಎಡ್ಮಂಡನೆಂದೂ ಹೆಸರಿಟ್ಟನು. ಕತ್ತಿಯು ಕಾಪಾಡದ ಹೆಸರನ್ನು ಹರಕೆಯು ಕಾಪಾಡಿತು.

ತಲೆಯ ಮಾತಾಯಿತು; ಬಾಲದ ಚರಿತ್ರೆಯೂ ಚಿಕ್ಕದಲ್ಲ. ಹಿಂದೆ ನವಲಗುಂದ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾಗಿರುವ ಅಣ್ಣಿಗೇರಿಯು ಆದಿಕವಿ ಪಂಪನ ತಾಯಿಯ ಕಡೆಯವರ ಊರು. ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳಾದ ಆಕೆಯ ಹೆಸರು ಅಬ್ಬಣಬ್ಬೆಯೆಂದು, ತೆಲಂಗಾಣದ ಕುರ್ಕಿಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಕೆತ್ತಿಸಿದ ಹತ್ತನೆಯ ಶತಮಾನದ ಶಾಸನದಿಂದ ತಿಳಿಯುತ್ತದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು ಅತ್ತಿಮಬ್ಬೆ. ಈ ‘ಅಬ್ಬೆ’ಯೇ ಅವ್ವೆಯಾಗಿ, ಅವ್ವೆಯೇ ಅವ್ವನಾಗಿ, ಇಂದು ಯಮನವ್ವನ ಬಾಲದಲ್ಲಿದ್ದಾಳೆ. ಅಸ್ಟ್ರಿಡ್, ಇಂಗ್ರಿಡ್ ಎಂಬ ಹೆಸರುಗಳ ಕೊನೆಯ ‘ರಿಡ್’ ಎಂಬುದೂ ಹಿಂದೆ ಚೆಲುವನ್ನು ಹೇಳುವ ಪೂರ್ಣ ಶಬ್ದವಾಗಿದ್ದು, ಸವೆದು ಹೀಗಾಗಿದೆ. ಅಲ್ಲಿಯವರಿಗೆ ಅದರ ಅರ್ಥವು ಪಂಡಿತರಿಂದ ತಿಳಿಯಬೇಕು. ನಮ್ಮ ಅವ್ವನ ಅರ್ಥವು ಪ್ರತಿಯೊಂದು ಮಗುವಿಗೂ ಗೊತ್ತು. ಸಾವಿರ ವರ್ಷದ ಬಾಲವನ್ನು ಹೊತ್ತು ಹತ್ತಿ ಬಿಡಿಸುವ ಹೆಂಗಸಿನ ಹೆಸರನ್ನು ಹಳ್ಳಿಗಾಡಿನದೆಂದು ತಳ್ಳಿಹಾಕುವುದು ನಮಗೆ ಸರಿದೋರುವುದಿಲ್ಲ.

ಬಾಲಕ್ಕೆ ಇನ್ನೊಂದು ಮುಖವೂ ಉಂಟು, ಅದನ್ನು ಮರೆಮಾಚಲಾಗದು. ಅಪ್ಪ ಎಂಬ ಬಾಲವು ಎಲ್ಲರಿಗೂ ಸುಲಭವಾಗಿ ದಕ್ಕಲಿಲ್ಲ. ಹೊಲವಿದ್ದವನು ಯಮನಪ್ಪನಾದರೆ, ಅವನ ಹೊಲದಲ್ಲಿ ದುಡಿಯುವವನು ಅದೇ ಹರಕೆಯಿಂದ ಹುಟ್ಟಿದ್ದರೂ ಮುಪ್ಪಿನ ತನಕ ಯಮನ್ಯಾ ಎಂದೇ ಕರೆಸಿಕೊಂಡನು. ಬಸ್ಯಾ, ಮಲ್ಯಾ, ಯಲ್ಲಿ, ಗಂಗಿ ಮುಂತಾದ ಕೂಗುಗಳಲ್ಲಿ ಪ್ರೀತಿಯೆಷ್ಟು ದರ್ಪವೆಷ್ಟು ಎಂಬುದು ಕರೆಯುವವರ ದನಿಯಿಂದಲೇ ತಿಳಿಯುವುದು. ಇನ್ನು ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಕರೆದು ಮೃತ್ಯುವಿನ ಕಣ್ಣು ತಪ್ಪಿಸುತ್ತಿದ್ದ ತಾಯಂದಿರ ಸಂಕಟವನ್ನು ಇಲ್ಲಿ ಹೆಸರಿಸಿದರೆ ಸಾಕು. ಅದಕ್ಕೇ ಒಂದು ಭಾಷಣ ಬೇಕು. ಅಡ್ಡಹೆಸರುಗಳನ್ನು ಕುರಿತೂ ಅಷ್ಟೇ. ನಾರ್ವೆಯಲ್ಲಿ 1923ರ ಕಾಯಿದೆಯಿಂದ ಸ್ಥಿರವಾದ ಮನೆತನದ ಹೆಸರು ಕಡ್ಡಾಯವಾದಾಗ, ಬಹುಮಂದಿ ರೈತರು ತಮ್ಮ ಜಮೀನಿನ ಹೆಸರನ್ನೇ ಹಿಡಿದರು. ಧಾರವಾಡದ ಸೀಮೆಯಲ್ಲಿ ಅಣ್ಣಿಗೇರಿ, ನವಲಗುಂದ ಎಂಬ ಊರುಗಳೂ, ಬೆಲ್ಲ, ಮೆಣಸಿನಕಾಯಿ, ಉಳ್ಳಾಗಡ್ಡಿಗಳೂ ಅದೇ ಕೆಲಸಕ್ಕೆ ಒದಗಿವೆ.

ಈಗ ಯಮನೂರಪ್ಪನ ಸ್ಥಿತಿಯೇನು? ಅವನಿಗೆ ಮೊದಲ ಪೆಟ್ಟು ದಾಖಲೆಯ ಪುಸ್ತಕದಲ್ಲಿ ಬೀಳುತ್ತದೆ. ಯಮನಪ್ಪ ಎಂಬುದನ್ನು ತಪ್ಪೆಂದು ಬಗೆದು ಯಮುನಪ್ಪ ಎಂದು ತಿದ್ದಿ ಬರೆಯುವುದುಂಟು. ಬೆಣ್ಣಿಹಳ್ಳದ ಕೂಸನ್ನು ಎತ್ತಿ ಯಮುನಾನದಿಯಲ್ಲಿ ಹಾಕಿದಂತಾಯಿತು! ಎರಡನೆಯ ಪೆಟ್ಟು ಅದಕ್ಕಿಂತ ಮೆತ್ತಗಿನದು, ಆದರೆ ಆಳವಾದದ್ದು. ಪಟ್ಟಣದ ಶಾಲೆಯಲ್ಲಿ ಗೆಳೆಯರು ನಕ್ಕಾರೆಂದು ತಂದೆತಾಯಿಗಳು ಮಗನಿಗೆ ದೇಶದಲ್ಲೆಲ್ಲಾ ಸಲ್ಲುವ ಹೆಸರನ್ನಿಡುತ್ತಾರೆ. ಹಿಂದೂವಿನ ಮಗನಿಗೆ ಅಚ್ಚ ಸಂಸ್ಕೃತದ ಹೆಸರು, ಮುಸಲ್ಮಾನನ ಮಗನಿಗೆ ಅಚ್ಚ ಅರಬ್ಬಿಯ ಹೆಸರು. ಎರಡೂ ಸೊಗಸಾದುವೇ, ನಗೆಗೆ ಅಂಜಿದ ತಂದೆತಾಯಿಗಳನ್ನು ನಾವು ದೂರುವುದೂ ಇಲ್ಲ. ಆದರೆ ಅಜ್ಜಂದಿರಿಬ್ಬರ ಹೆಸರಿಗೂ ಒಂದೇ ತಲೆಯಿತ್ತಲ್ಲ, ಆ ತಲೆಯು ಹೋಯಿತು. ಮೊಮ್ಮಕ್ಕಳ ಹೆಸರುಗಳನ್ನು ಪಕ್ಕಪಕ್ಕಕ್ಕೆ ಬರೆದು ನೋಡಿದರೆ, ಅವರಿಬ್ಬರ ಹಿರಿಯರು ಒಂದೇ ಹಳ್ಳದಲ್ಲಿ ಮಿಂದು ಒಂದೇ ಗದ್ದುಗೆಗೆ ಸಕ್ಕರೆ ಹಂಚಿದವರೆಂದು ಯಾವ ಪಂಡಿತನೂ ಕಂಡುಹಿಡಿಯಲಾರನು. ಇಂಗ್ಲೆಂಡಿನ ಲಿಯೊಫ್ರಿಕ್ಕನು ಮಾಯವಾದದ್ದೂ ಹೀಗೆಯೇ, ಯಾರ ವಿರೋಧವೂ ಇಲ್ಲದೆ.

ನವಲಗುಂದ, ಕುಂದಗೋಳ, ಕಲಘಟಗಿಗಳ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಉಪಾಧ್ಯಾಯರು ಮನಸ್ಸು ಮಾಡಿದರೆ ಒಂದು ಕೆಲಸ ಆಗಬಹುದು. ಮಕ್ಕಳಿಂದ ಅವರ ಅಜ್ಜ ಅಜ್ಜಿಯರ, ಮುತ್ತಜ್ಜಿಯರ ಹೆಸರುಗಳನ್ನು ಕೇಳಿ ಬರೆಯಿಸಬಹುದು. ಪುಟಕ್ಕೆ ಮೂರು ಮನೆಗಳನ್ನು ಗೆರೆ ಹಾಕಿದರೆ ಸಾಕು: ಇಟ್ಟ ಹೆಸರು, ಕರೆಯುತ್ತಿದ್ದ ಹೆಸರು, ಆ ಹೆಸರನ್ನು ಇಟ್ಟ ಕಾರಣ. ಕಾಗುಣಿತವನ್ನು ತಿದ್ದದೆ ಮುದುಕರು ಉಚ್ಚರಿಸಿದಂತೆಯೇ ಬರೆಯಬೇಕು. ಮೂರನೆಯ ಮನೆಯನ್ನು ತುಂಬುವುದಕ್ಕೆ ಮಗುವು ಮನೆಯಲ್ಲಿ ಕುಳಿತು ಮುದುಕಿಯ ಮಾತು ಕೇಳಬೇಕಾಗುತ್ತದೆ. ಅದೂ ಬೇಗನೆ, ಏಕೆಂದರೆ ಆ ಕಾರಣಗಳನ್ನು ಬಲ್ಲವರಿಗೆ ಈಗ ಬಹಳ ವಯಸ್ಸಾಗಿದೆ.