ಧ್ವನಿಮುದ್ರಣದಲ್ಲಿ ವಿವೇಕ



ಗಡಿನಾಡಿನ ನಮ್ಮ ಹಿರಿಯರ ನುಡಿ ಅವರೊಡನೆಯೇ ಮರೆಯಾಗದಂತೆ ಮುದ್ರಿಸಿಡಲು ನಾವು ಗಣಕಯಂತ್ರದ ‘ಆಡಾಸಿಟಿ’ ತಂತ್ರಾಂಶವನ್ನು ಬಳಸುತ್ತಿದ್ದೇವೆ. 2000ನೆಯ ಇಸವಿಯಲ್ಲಿ ಹೊರಬಂದ ಇದು ಬೆಲೆಯಿಲ್ಲದೆ ದೊರಕುವಂಥದು. ಆದರೆ ಇದರಲ್ಲಿ ಆಯ್ಕೆಗಳು ಹಲವು. ವಿವೇಚನೆಯಿಲ್ಲದೆ ಆರಿಸಿದರೆ ಶ್ರಮವೆಲ್ಲ ವ್ಯರ್ಥವಾದೀತು.

ಮೊದಲನೆಯದು ಆಲಿಸುವ ಸಾಧನ. ಹಿಂದಿನ ಧ್ವನಿಯನ್ನು ಕೇಳುತ್ತ ಹೊಸತನ್ನು ಮುದ್ರಿಸುವಾಗ ಹೆಡ್‌ಫೋನನ್ನೇ ಆರಿಸತಕ್ಕದ್ದು. ಧ್ವನಿವರ್ಧಕವಾದರೆ ಹಳೆಯ ದನಿಯೂ ಮೈಕಿನೊಳಹೊಕ್ಕು ಬೆರೆಯುತ್ತದೆ. ಎರಡನೆಯದು ಮಾದರಿಯ ದರ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಗ್ರಹಿಸಬಲ್ಲುದು. ಅದರ ಇಮ್ಮಡಿಗೆ ಮಿಗಿಲಾದ 44,100 ಮಾದರಿಗಳು ನಮಗೆ ಸಾಕು. ಒಬ್ಬರ ಮಾತಿಗೆ ‘ಮಾನೋ’ ಎಂಬ ಒಂದೇ ವಾಹಿನಿ ಸಾಲುವುದು.

ಕೊನೆಯದು ಹೊರತೆಗೆಯುವ ರೂಪ. ಇಂಥ ಮುದ್ರಣದ 16 ಬಿಟ್ಟಿನ ‘ವೇವ್’ ಕಡತ ನಿಮಿಷಕ್ಕೆ ಸುಮಾರು 5 ಮೆಗಾಬೈಟ್ ಸ್ಥಳವನ್ನು ಬೇಡುತ್ತದೆ. ಸೆಕೆಂಡಿಗೆ 64 ಕಿಲೋಬಿಟ್ಟಿನ ‘ಎಂಪಿ3’ ಅದರ ಹತ್ತನೆಯ ಒಂದು ಪಾಲನ್ನೂ ಬೇಡದು. ಆದರೆ ಅದು ಕಿರಿದಾಗುವುದು ಧ್ವನಿಯ ಸೂಕ್ಷ್ಮಾಂಶಗಳನ್ನು ತ್ಯಜಿಸಿ. ತ್ಯಜಿಸಿದುದು ಮರಳಿ ಬಾರದು. ಆದುದರಿಂದ ಮೂಲಪ್ರತಿಯನ್ನು ವೇವ್ ರೂಪದಲ್ಲಿಯೇ ಕಾಪಿಡೋಣ. ಮನೆಮನೆಗೆ ಹಂಚಲು ಎಂಪಿ3 ಮಾಡೋಣ. ಬಿತ್ತನೆಯ ಕಾಳನ್ನು ಕುಟ್ಟಿ ಉಣ್ಣುವ ಒಕ್ಕಲಿಗನುಂಟೇ?