ಮನೋರೋಗದ ಚಿಕಿತ್ಸೆ – ಅಂದು ಮತ್ತು ಇಂದು

(ಸಂಘದ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ವೈದ್ಯನಲ್ಲ, ಭಾಷೆ ಕಲಿಸುವ ಶಿಕ್ಷಕ. ಹಾಗಾಗಿ ಪದಗಳಿಂದಲೇ ಮಾತು ಆರಂಭಿಸುತ್ತೇನೆ. ಉರ್ದುವಿನಲ್ಲಿ ನಾವು ಬಳಸುವ 'ಮಜ್ನೂನ್' ಎಂಬ ಅರಬಿ ಪದವೂ 'ಜಿನ್' ಎಂಬ ಪದವೂ ಒಂದೇ ಧಾತುವಿನಿಂದ ಬಂದವು. 'ದೀವಾನಾ' ಎಂಬುದರಲ್ಲಿ ಫಾರ್ಸಿಯ 'ದೇವ್', ಅಂದರೆ ದೆವ್ವ, ಅಡಗಿದೆ. ಕನ್ನಡದಲ್ಲಿ 'ಗಾಳಿ ಸೋಕಿದೆ' ಎನ್ನುತ್ತೇವೆ. ನಮ್ಮ ಮನೆಗಳಲ್ಲಿ 'ಆಸೇಬ್', 'ಸಾಯಾ' ಎನ್ನುತ್ತಾರೆ. ಹೊರಗಿನಿಂದ ಏನೋ ಬಂದು ಮನುಷ್ಯನನ್ನು ಹಿಡಿಯುತ್ತದೆ ಎಂಬ ಹಳೆಯ ನಂಬಿಕೆ ಈ ಪದಗಳಲ್ಲೆಲ್ಲ ಇದೆ.

ಇನ್ನೊಂದು ಬಗೆಯ ಪದಗಳೂ ಇವೆ. 'ಸೌದಾಯಿ' ಎಂದರೆ ಹುಚ್ಚ. ಇಲ್ಲಿ 'ಸೌದಾ' ಎಂದರೆ ಕಪ್ಪು ಪಿತ್ತ (ಅಂಗಡಿಯ ಸೌದಾ ಬೇರೆ!). ದೇಹದಲ್ಲಿ ನಾಲ್ಕು ರಸಗಳಿವೆ, ಕಪ್ಪು ಪಿತ್ತ ಹೆಚ್ಚಾದರೆ ಮನಸ್ಸು ಕೆಡುತ್ತದೆ ಎಂಬುದು ಹಿಪ್ಪೊಕ್ರೇಟಸ್‌ನ ಪರಂಪರೆಯ ಗ್ರೀಕ್ ವೈದ್ಯರ ವಾದ. ಅದೇ ಯೂನಾನಿ ವೈದ್ಯಕ್ಕೂ ಬಂತು. ಆಯುರ್ವೇದದ ನೆಲದಲ್ಲಿ ಬೆಳೆದ ಕನ್ನಡಿಗರು 'ಪಿತ್ತ ನೆತ್ತಿಗೇರಿದೆ' ಎಂದರು. ಈ ಪಿತ್ತದ ಲೆಕ್ಕವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೂ ಅದು ದೊಡ್ಡ ಹೆಜ್ಜೆಯೆಂದು ನಾನು ಭಾವಿಸುತ್ತೇನೆ. ಕಾರಣ ದೇಹದಲ್ಲಿದೆ ಎಂದ ಮೇಲೆ ರೋಗಿಯನ್ನು ಹೊಡೆದು ದೆವ್ವ ಬಿಡಿಸುವ ಅಗತ್ಯವಿಲ್ಲ, ಔಷಧ ಹುಡುಕಬೇಕಾಗುತ್ತದೆ.

ಹಾಗೆ ಹುಡುಕಿದವರಲ್ಲಿ ನಮ್ಮ ಪೂರ್ವಿಕ ವಿದ್ವಾಂಸರು ಮುಂಚೂಣಿಯಲ್ಲಿದ್ದರು. 9ನೇ ಶತಮಾನದಲ್ಲಿ ಅಹ್ಮದ್ ಇಬ್ನ್ ತುಲೂನ್ ಕೈರೋದಲ್ಲಿ ಕಟ್ಟಿಸಿದ ಬೀಮಾರಿಸ್ತಾನದಲ್ಲಿ, ಅಂದರೆ ಆಸ್ಪತ್ರೆಯಲ್ಲಿ, ಬುದ್ಧಿಭ್ರಮಣೆಯಾದವರಿಗೂ ಆರೈಕೆ ಸಿಗುತ್ತಿತ್ತು. ಬಗ್ದಾದ್, ದಮಾಸ್ಕಸ್, ಅಲೆಪ್ಪೊಗಳಲ್ಲೂ ಇಂಥ ಆಸ್ಪತ್ರೆಗಳಿದ್ದವು. ಅಬೂ ಜೈದ್ ಅಲ್ ಬಲ್ಖಿ (ಮರಣ 934) ದೇಹ ಮತ್ತು ಮನಸ್ಸುಗಳ ಆರೋಗ್ಯ ಕುರಿತು ಒಂದು ಗ್ರಂಥವನ್ನೇ ಬರೆದರು. ಕೋಪ, ಭಯ, ದುಃಖ, ವಸ್ವಾಸ್ ಇವನ್ನು ಬೇರೆ ಬೇರೆಯಾಗಿ ವಿವರಿಸಿದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಕವಿಯುವ ದುಃಖ ಬೇರೆ. ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದರು. ಮನೆಯಲ್ಲಿ ತುರ್ತಿಗೆ ಔಷಧಿ ಇಟ್ಟುಕೊಳ್ಳುವಂತೆ ಒಳ್ಳೆಯ ವಿಚಾರಗಳನ್ನೂ ಮನಸ್ಸಿನಲ್ಲಿ ಮೊದಲೇ ಸಂಗ್ರಹಿಸಿಡಬೇಕೆಂಬುದು ಅವರ ಸಲಹೆ. ಸಾವಿರ ವರ್ಷಗಳ ಹಿಂದಿನ ಮಾತು ಇದು!

ಇಬ್ನ್ ಸೀನಾ ಅವರ ಒಂದು ಕಥೆಯನ್ನು ಫಾರ್ಸಿಯ 'ಚಹಾರ್ ಮಕಾಲಾ' ಎಂಬ 12ನೇ ಶತಮಾನದ ಪುಸ್ತಕ ಹೇಳುತ್ತದೆ. ಒಬ್ಬ ರಾಜಕುಮಾರನಿಗೆ ತಾನು ಹಸು ಎಂಬ ಭ್ರಮೆ. ಅಂಬಾ ಎನ್ನುತ್ತ, 'ನನ್ನನ್ನು ಕೊಯ್ದು ಅಡುಗೆ ಮಾಡಿ' ಎಂದು ಹಠ ಹಿಡಿದ. ಅನ್ನ, ಔಷಧಿ ಎರಡನ್ನೂ ಬಿಟ್ಟ. ಇಬ್ನ್ ಸೀನಾ ಕಟುಕನಂತೆ ಕತ್ತಿ ಹಿಡಿದು ಬಂದರು. ಅವನನ್ನು ಮಲಗಿಸಿ, ಪಕ್ಕೆಲುಬು ಮುಟ್ಟಿ ನೋಡಿ, 'ಈ ಹಸು ಬಹಳ ಬಡಕಲು, ಮೇವು ಹಾಕಿ ಕೊಬ್ಬಿಸಿ, ಆಮೇಲೆ ಕೊಯ್ಯೋಣ' ಎಂದು ಎದ್ದುಹೋದರು. ಅಂದಿನಿಂದ ಅವನು ಆಸೆಯಿಂದ ತಿನ್ನತೊಡಗಿದ. ಊಟದೊಂದಿಗೆ ಔಷಧಿಯೂ ಹೊಟ್ಟೆ ಸೇರಿತು, ಗುಣವಾದ. ಕಥೆ ಎಷ್ಟು ನಿಜವೋ, ಆದರೆ ರೋಗಿಯನ್ನು ಗದರಿಸದೆ ಅವನ ಲೋಕದೊಳಗೇ ಹೋಗಿ ಮಾತನಾಡಿಸಬಹುದು ಎಂಬ ತಿಳಿವಳಿಕೆ ಆ ಕಾಲಕ್ಕಿತ್ತು.

ವಾರ್ಷಿಕೋತ್ಸವಗಳಲ್ಲಿ ಇಬ್ನ್ ಸೀನಾರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಪೂರ್ತಿ ಚಿತ್ರವನ್ನೂ ನೋಡೋಣ. ತುರ್ಕಿಯ ಎಡಿರ್ನೆಯಲ್ಲಿ ಸುಲ್ತಾನ್ ಎರಡನೇ ಬಾಯಜೀದ್ 1488ರಲ್ಲಿ ಕಟ್ಟಿಸಿದ ಆಸ್ಪತ್ರೆಯನ್ನು 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ವರ್ಣಿಸಿದ್ದಾನೆ. ವಾರಕ್ಕೆ 3 ದಿನ ರೋಗಿಗಳಿಗಾಗಿ ಸಂಗೀತ, ಹೂವಿನ ಪರಿಮಳ, ಕಾರಂಜಿಯ ನೀರಿನ ಸದ್ದು. ಅದೇ ವರ್ಣನೆಯಲ್ಲಿ ಸರಪಳಿಗಳೂ ಇವೆ.

ಯೂರೋಪಿನ ಸ್ಥಿತಿಯೂ ಹಾಗೆಯೇ. ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಗೆ 18ನೇ ಶತಮಾನದಲ್ಲಿ ಜನ ಹುಚ್ಚರನ್ನು ನೋಡಲು ತಮಾಷೆಗೆಂದು ಹೋಗುತ್ತಿದ್ದರು. ಪ್ಯಾರಿಸ್ಸಿನಲ್ಲಿ ಸರಪಳಿ ಬಿಚ್ಚಿದ ಕೀರ್ತಿಯನ್ನು ಪುಸ್ತಕಗಳು ಡಾ. ಪಿನೆಲ್‌ಗೆ ಕೊಡುತ್ತವೆ. ಬಿಸೆಟ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ನಿಜವಾಗಿ ಅದನ್ನು ಮಾಡಿದವನು ಪ್ಯೂಸಾನ್ ಎಂಬ ಮೇಲ್ವಿಚಾರಕ. ಅವನಿಗೆ ವೈದ್ಯ ಪದವಿ ಇರಲಿಲ್ಲ. 20ನೇ ಶತಮಾನದಲ್ಲೂ ದಾರಿ ನೇರವಾಗಿರಲಿಲ್ಲ. ಮೆದುಳಿನ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ 1949ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂತು. ಅದರಿಂದ ಆದ ಹಾನಿಯನ್ನು ಕಂಡು ಆಮೇಲೆ ಕೈಬಿಟ್ಟರು.

ನಿಜವಾದ ತಿರುವು ಮಾತ್ರೆಗಳಿಂದ ಬಂತು. ಇಲ್ಲಿ ನಮ್ಮ ದೇಶದ ಸರ್ಪಗಂಧದ ಬೇರನ್ನು ನೆನೆಯಬೇಕು. ಬಿಹಾರದ ಕಡೆ ಅದಕ್ಕೆ 'ಪಾಗಲ್ ಕೀ ದವಾ' ಎಂದೇ ಹೆಸರಿತ್ತು. 1931ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಈ ಬೇರಿನಿಂದ ಒಂದು ಸಾರವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ 'ಅಜ್ಮಲಿನ್' ಎಂದು ಹೆಸರಿಟ್ಟರು. ಅದು ಹೃದಯ ಬಡಿತದ ಔಷಧಿಯಾಯಿತು. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೆಗೆದ ರೆಸರ್ಪಿನ್ ಮನೋರೋಗಕ್ಕೆ ಬಳಕೆಗೆ ಬಂತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಪ್ರಯೋಗವಾಯಿತು, ಮುಂದೆ ಅದೇ ಹೆಚ್ಚು ಉಳಿಯಿತು. ವರ್ಷಗಟ್ಟಲೆ ಕೋಣೆಗಳಲ್ಲಿದ್ದವರು ಮನೆಗೆ ಮರಳುವಂತಾಯಿತು.

ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಿತು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಜಿಲ್ಲಾ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಇಷ್ಟೆಲ್ಲ ಆದ ಮೇಲೆ 2001ರ ಆಗಸ್ಟ್ 6 ಬಂತು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾಕ್ಕೆ ಬಂದ ರೋಗಿಗಳನ್ನು ಇಟ್ಟುಕೊಳ್ಳಲು ಖಾಸಗಿಯವರು ನಡೆಸುತ್ತಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. 28 ಮಂದಿ ಸತ್ತರು. ಕಾಲಿಗೆ ಸರಪಳಿ ಇದ್ದುದರಿಂದ ಓಡಲಾಗಲಿಲ್ಲ. ಅವರನ್ನು ಅಲ್ಲಿ ಬಿಟ್ಟುಹೋದವರು ಅವರ ಮನೆಯವರೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಗೆ ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಆದರೆ ಕಾಯ್ದೆ ನಮ್ಮ ಮನೆಯ ಒಳಕೋಣೆಗೆ ಬರುವುದಿಲ್ಲ. ಚೆನ್ನಾಗಿ ಓದುತ್ತಿದ್ದ ಹುಡುಗಿ ತಿಂಗಳುಗಟ್ಟಲೆ ಶಾಲೆಗೆ ಬರುವುದಿಲ್ಲ. ಕೇಳಿದರೆ 'ನಜರ್ ಆಗಿದೆ' ಎನ್ನುತ್ತಾರೆ. ಡಾಕ್ಟರ ಬಳಿ ಹೋದರೆ ನಾಳೆ ರಿಶ್ತಾ ಬರುವುದಿಲ್ಲ ಎಂಬ ಹೆದರಿಕೆ. ಹುಡುಗನಾದರೆ 'ನಿಕಾಹ್ ಮಾಡಿದರೆ ಸರಿಹೋಗುತ್ತಾನೆ' ಎಂದು ಇನ್ನೊಂದು ಮನೆಯ ಮಗಳನ್ನು ತಂದು ಕಟ್ಟುತ್ತಾರೆ. ಜಿನ್ ಇರುವಿಕೆ ಈಮಾನಿನ ವಿಷಯ, ಅದನ್ನು ನಾನು ಚರ್ಚಿಸುತ್ತಿಲ್ಲ. ಈ ಹುಡುಗಿಯ ಕಾಯಿಲೆಗೆ ಜಿನ್ನೇ ಕಾರಣ ಎಂದು ತೀರ್ಪು ಕೊಡುವ ಅಧಿಕಾರ ನಮಗೆ ಯಾರು ಕೊಟ್ಟರು? ಬುದ್ಧಿ ಸ್ವಾಧೀನದಲ್ಲಿಲ್ಲದವನ ಮೇಲೆ ನಮಾಜ್, ರೋಜಾ ಕಡ್ಡಾಯವಿಲ್ಲ. ಶರೀಅತ್ ಅವನನ್ನು ರೋಗಿಯೆಂದು ಕಂಡು ರಿಯಾಯಿತಿ ಕೊಟ್ಟಿರುವಾಗ ನಾವು ಅವನನ್ನು ಬಚ್ಚಿಡುತ್ತೇವೆ.

ದುವಾ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ 'ದವಾ-ದುವಾ' ಎಂಬ ಕಾರ್ಯಕ್ರಮ ಆರಂಭವಾಯಿತು. ಮುಜಾವರರು ದುವಾ ಮಾಡಿ, ಅಲ್ಲಿಯೇ ಕೂರುವ ಮನೋವೈದ್ಯರ ಬಳಿಗೆ ರೋಗಿಯನ್ನು ತಾವೇ ಕಳುಹಿಸಿದರು. ನಮ್ಮ ಊರುಗಳ ದರ್ಗಾ, ಮಸೀದಿಗಳ ಕಮಿಟಿಗಳವರು ಈ ಸಭೆಯಲ್ಲೂ ಕುಳಿತಿದ್ದಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ತಿಂಗಳಿಗೊಮ್ಮೆ ಕರೆಸಲು ಒಂದು ಅರ್ಜಿ ಸಾಕು. ಅದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನಗಿರಲಿ. ವಿದ್ಯಾರ್ಥಿಗಳು 14416 ಎಂಬ ಸಂಖ್ಯೆಯನ್ನು ಈಗಲೇ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಅದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು.